ಕಾಪಾಡಿಯೂ ಬೈಸಿಕೊಳ್ಳುವ ಹೀರೋ

ಹಾಲಿವುಡ್ ಸಿನಿಮಾ ‘ಹ್ಯಾನ್‌ಕಾಕ್’ನ ಒಂದು ದೃಶ್ಯ. ರೈಲ್ವೆ ಗೇಟಿನ ಬಳಿ ಟ್ರಾಫಿಕ್ ಜಾಮ್. ಹಿಂದೆ ಒಂದು ಗಾಡಿ, ಮುಂದೆ ಒಂದು ಗಾಡಿ, ನಡುವೆ ಸರಿಯಾಗಿ ಹಳಿಯ ಮೇಲೆ ರೇ ಎಂಬಾತನ ಕಾರು. ಗೂಡ್ಸ್ ರೈಲು ಹಾರ್ನ್ ಹೊಡೆಯುತ್ತ ಬರುತ್ತಿದೆ. ಇನ್ನೇನು ಮುಗಿಯಿತು ಅನ್ನುವಾಗ ಆಕಾಶದಿಂದ ಒಬ್ಬ ಇಳಿಯುತ್ತಾನೆ. ಕಾರನ್ನು ಎತ್ತಿ ಪಕ್ಕಕ್ಕೆ ಎಸೆಯುತ್ತಾನೆ. ಅದು ಬೇರೆ ಕಾರಿನ ಮೇಲೆ ಹೋಗಿ ಬೀಳುತ್ತದೆ. ಆಮೇಲೆ ಹಳಿಯ ಮೇಲೇ ನಿಂತು ರೈಲಿಗೆ ಭುಜ ಕೊಡುತ್ತಾನೆ. ಎಂಜಿನ್ ನಜ್ಜುಗುಜ್ಜಾಗುತ್ತದೆ. ಹಿಂದಿನ ಬೋಗಿಗಳು ಹಳಿ ತಪ್ಪಿ ಒಂದರ ಮೇಲೊಂದು ಏರುತ್ತವೆ.

ರೇ ಬದುಕಿದ. ಆದರೆ ಸುತ್ತ ನೆರೆದ ಜನ ಚಪ್ಪಾಳೆ ತಟ್ಟುವುದಿಲ್ಲ, ಬೈಯುತ್ತಾರೆ. ಕಾಪಾಡಿದವನ ಬಾಯಿಂದ ಹೆಂಡದ ವಾಸನೆ ಬರುತ್ತಿದೆ ಅಂತ ಒಬ್ಬರು ಕೂಗುತ್ತಾರೆ. ಗುಂಪಿನಲ್ಲೇ ಇನ್ನೊಂದು ಪ್ರಶ್ನೆ ಏಳುತ್ತದೆ: ಕಾರನ್ನು ಎತ್ತಿಕೊಂಡು ನೇರ ಮೇಲಕ್ಕೆ ಹಾರಿದ್ದರೆ ಸಾಕಿತ್ತಲ್ವಾ?

ಸಾಕಿತ್ತು. ಆ ಒಂದು ಪ್ರಶ್ನೆಯಲ್ಲಿ ಇಡೀ ಸಿನಿಮಾ ಇದೆ ಅಂತ ನನಗೆ ಅನಿಸುತ್ತದೆ.

ಈ ಸಿನಿಮಾ 2008ರ ಜುಲೈ 2ರಂದು ಅಮೆರಿಕದಲ್ಲಿ ಬಿಡುಗಡೆಯಾಯಿತು. ನಿರ್ದೇಶಕ ಪೀಟರ್ ಬರ್ಗ್. ಹ್ಯಾನ್‌ಕಾಕ್ ಆಗಿ ವಿಲ್ ಸ್ಮಿತ್, ರೇ ಆಗಿ ಜೇಸನ್ ಬೇಟ್‌ಮನ್, ರೇ ಹೆಂಡತಿ ಮೇರಿಯಾಗಿ ಚಾರ್ಲಿಜ್ ಥೆರಾನ್. ಕಥೆ ನಡೆಯುವುದು ಲಾಸ್ ಏಂಜಲೀಸ್‌ನಲ್ಲಿ. ಆ ವರ್ಷದ ಬೇರೆ ದೊಡ್ಡ ಸೂಪರ್‌ಹೀರೋಗಳೆಲ್ಲ ಕಾಮಿಕ್ಸ್ ಪುಸ್ತಕಗಳಿಂದ ಬಂದವರು. ಇವನು ಹಾಗಲ್ಲ. ಸಿನಿಮಾಕ್ಕೆಂದೇ ಹುಟ್ಟಿದವನು. ಇನ್ನೂ ನೋಡಿಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ, ಕಥೆಯ ಗುಟ್ಟುಗಳನ್ನೆಲ್ಲ ಇಲ್ಲಿ ಬಿಡಿಸಿದ್ದೇನೆ. ಬಿಡಿಸದೆ ಈ ಪಾತ್ರವನ್ನು ವಿವರಿಸಲು ಆಗುವುದಿಲ್ಲ.

ಹ್ಯಾನ್‌ಕಾಕ್‌ನನ್ನು ನಾವು ಮೊದಲು ನೋಡುವುದು ಬಸ್ ಸ್ಟಾಪಿನ ಬೆಂಚಿನ ಮೇಲೆ. ಹಗಲು ಹೊತ್ತಲ್ಲೇ ಮಲಗಿದ್ದಾನೆ. ತಲೆಗೆ ಉಣ್ಣೆ ಟೋಪಿ, ಪಕ್ಕದಲ್ಲಿ ಖಾಲಿ ಬಾಟಲಿಗಳು. ಹುಡುಗನೊಬ್ಬ ಎಬ್ಬಿಸಿ, ಅಲ್ಲಿ ಟಿವಿಯಲ್ಲಿ ನೋಡು, ಕಳ್ಳರು ಹೈವೇಯಲ್ಲಿ ಗುಂಡು ಹಾರಿಸುತ್ತಿದ್ದಾರೆ ಅಂತ ತೋರಿಸುತ್ತಾನೆ. ಇವನಿಗೆ ಏಳಲೂ ಬೇಜಾರು. ಕೊನೆಗೆ ಎದ್ದು, ಕೈಯಲ್ಲಿ ಬಾಟಲಿ ಹಿಡಿದೇ ಹಾರುತ್ತಾನೆ. ಹಾರಾಟ ನೆಟ್ಟಗಿಲ್ಲ, ವಾಲಾಡುತ್ತದೆ. ದಾರಿಯಲ್ಲಿ ಹೈವೇಯ ದೊಡ್ಡ ಸೈನ್‌ಬೋರ್ಡ್ ಒಡೆದು ಹೋಗುತ್ತದೆ. ಕಳ್ಳರು ಸಿಗುತ್ತಾರೆ, ನಿಜ. ಆದರೆ ಅವರ ಕಾರು ಹಾಲಿವುಡ್‌ನ ಪ್ರಸಿದ್ಧ ಕ್ಯಾಪಿಟಲ್ ರೆಕಾರ್ಡ್ಸ್ ಕಟ್ಟಡದ ತುದಿಯ ಸೂಜಿಗೆ ಚುಚ್ಚಿಕೊಂಡು ನೇತಾಡುತ್ತದೆ.

ನಗು ಬರುತ್ತದೆ. ಯಾಕೆ ಬರುತ್ತದೆ ಅಂತ ಸ್ವಲ್ಪ ಬಿಡಿಸಿ ನೋಡೋಣ. 1938ರಲ್ಲಿ ಸೂಪರ್‌ಮ್ಯಾನ್ ಬಂದಾಗಿನಿಂದ ನಮ್ಮ ಕಣ್ಣಿಗೆ ಒಂದು ಅಭ್ಯಾಸವಾಗಿದೆ. ಬಲ ಇರುವವನಿಗೆ ಹಿಡಿತವೂ ಇರುತ್ತದೆ ಅಂತ ನಾವು ಕೇಳದೆಯೇ ಒಪ್ಪಿಕೊಂಡಿದ್ದೇವೆ. ವಿಮಾನವನ್ನೇ ಹಿಡಿದು ನಿಲ್ಲಿಸುವ ಕೈ ಮರುಕ್ಷಣ ಮಗುವನ್ನೂ ಮೆಲ್ಲಗೆ ಎತ್ತಿಕೊಳ್ಳುತ್ತದೆ. ಈ ಎರಡೂ ಬೇರೆ ಬೇರೆ ವಿದ್ಯೆ ಅನ್ನುವುದು ನಮಗೆ ಹೊಳೆಯುವುದೇ ಇಲ್ಲ. ‘ಹ್ಯಾನ್‌ಕಾಕ್’ ಆ ಎರಡನ್ನು ಬೇರ್ಪಡಿಸುತ್ತದೆ. ಇವನಿಗೆ ಮೊದಲನೆಯದು ಪೂರ್ತಿ ಇದೆ, ಎರಡನೆಯದು ಸೊನ್ನೆ.

ಹಾಗಾದರೆ ಆ ಎರಡನೆಯ ವಿದ್ಯೆ ಅಂದರೆ ಏನು? ಇದಕ್ಕೆ ಲೆಕ್ಕ ಚೆನ್ನಾಗಿ ಉತ್ತರ ಕೊಡುತ್ತದೆ. ರೈಲಿಗೇ ವಾಪಸ್ ಹೋಗೋಣ. ಅಮೆರಿಕದ ಗೂಡ್ಸ್ ರೈಲು ಸಾವಿರಾರು ಟನ್ ತೂಗುತ್ತದೆ. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿರುವ ಅಂಥ ರೈಲಿಗೆ ಬ್ರೇಕ್ ಹಾಕಿದರೆ ನಿಲ್ಲಲು ಸುಮಾರು ಒಂದೂವರೆ ಕಿಲೋಮೀಟರ್ ಬೇಕು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಈ ರೈಲು 5,000 ಟನ್ ಅಂದುಕೊಳ್ಳಿ. ರೇಯ ಕಾರು ಒಂದೂವರೆ ಟನ್ ಅಂದುಕೊಳ್ಳಿ. ಕಾರಿಗಿಂತ ರೈಲು ಮೂರು ಸಾವಿರ ಪಟ್ಟಿಗೂ ಜಾಸ್ತಿ ಭಾರ. ಹ್ಯಾನ್‌ಕಾಕ್ ಎದುರು ಎರಡು ದಾರಿ ಇದ್ದವು, ಹಗುರವಾದದ್ದನ್ನು ಎತ್ತುವುದು ಅಥವಾ ಭಾರವಾದದ್ದನ್ನು ತಡೆಯುವುದು. ಕಾರನ್ನು ಪಕ್ಕಕ್ಕೆ ಎಸೆದ ಮೇಲೂ ಅವನು ಭಾರವಾದದ್ದಕ್ಕೇ ಭುಜ ಕೊಟ್ಟ. ಯಾಕೆಂದರೆ ಅವನಿಗೆ ಎರಡೂ ಒಂದೇ. ಎಷ್ಟು ಭಾರ ಅನ್ನುವುದು ಲೆಕ್ಕಕ್ಕೇ ಬಾರದವನಿಗೆ ಯಾವುದು ಸುಲಭ ಅನ್ನುವ ಯೋಚನೆಯೂ ಬರುವುದಿಲ್ಲ. ನಮ್ಮಂಥವರು ದಿನವೂ ಸುಲಭದ ದಾರಿ ಹುಡುಕುತ್ತೇವಲ್ಲ, ಅದು ನಮ್ಮ ಬಲ ಕಡಿಮೆ ಇರುವುದರಿಂದಲೇ ಕಲಿತ ಜಾಣತನ. ಅವನಿಗೆ ಅದನ್ನು ಕಲಿಯುವ ಪ್ರಸಂಗವೇ ಬಂದಿಲ್ಲ.

ಅವನು ನೆಲಕ್ಕೆ ಇಳಿಯುವುದನ್ನೂ ನೋಡಿ. ಪ್ರತಿ ಸಲ ಟಾರು ರಸ್ತೆ ಗುಂಡಿ ಬೀಳುತ್ತದೆ. 90 ಕಿಲೋ ತೂಕದ ಒಬ್ಬ ಮನುಷ್ಯ ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಬಂದು ಒಂದೇ ಸೆಂಟಿಮೀಟರ್ ಅಂತರದಲ್ಲಿ ನಿಂತುಬಿಟ್ಟರೆ, ನೆಲದ ಮೇಲೆ ಬೀಳುವ ಹೊಡೆತ ಸುಮಾರು 400 ಟನ್ ಭಾರ ಇಟ್ಟಷ್ಟು. ಅದೇ ಮನುಷ್ಯ ಮಂಡಿ ಬಾಗಿಸಿ ಒಂದು ಮೀಟರ್ ಅಂತರದಲ್ಲಿ ನಿಂತರೆ 4 ಟನ್‌ನಷ್ಟು. ಗಾಳಿಯಲ್ಲಿರುವಾಗಲೇ ವೇಗ ಇಳಿಸುತ್ತ 10 ಮೀಟರ್ ಅಂತರ ತೆಗೆದುಕೊಂಡರೆ ಅರ್ಧ ಟನ್ ಕೂಡ ಇಲ್ಲ. ಅದೇ ದೇಹ, ಅದೇ ವೇಗ. ಬದಲಾಗಿದ್ದು ನಿಲ್ಲಲು ತೆಗೆದುಕೊಂಡ ಜಾಗ ಮಾತ್ರ. ಕ್ರಿಕೆಟ್ ಆಡಿದವರಿಗೆ ಇದು ಕೈಗೇ ಗೊತ್ತು. ಜೋರಾಗಿ ಬರುವ ಚೆಂಡಿಗೆ ಕೈ ಗಟ್ಟಿಯಾಗಿ ಚಾಚಿದರೆ ಬೆರಳು ಹೋಗುತ್ತದೆ. ಚೆಂಡಿನ ಜೊತೆಗೇ ಕೈಯನ್ನು ಎದೆಯತ್ತ ಎಳೆದುಕೊಂಡರೆ ಕ್ಯಾಚ್ ಬೆಣ್ಣೆಯಂತೆ ಕೂರುತ್ತದೆ. ನಾಜೂಕು ಅಂದರೆ ಬಲ ಕಡಿಮೆ ಮಾಡುವುದು ಅಂತ ನಾವು ಅಂದುಕೊಳ್ಳುತ್ತೇವೆ. ನಿಜಕ್ಕೂ ಅದು ಎದುರಿನ ವಸ್ತುವಿಗೆ ಸ್ವಲ್ಪ ಸಮಯ ಕೊಡುವುದು. ಅದಕ್ಕೆ ಎದುರಿಗೆ ಏನಿದೆ ಅಂತ ನೋಡಬೇಕು, ಅದರ ಬಗ್ಗೆ ಒಂಚೂರು ಕಾಳಜಿ ಇರಬೇಕು. ಹ್ಯಾನ್‌ಕಾಕ್ ನೋಡುವುದಿಲ್ಲ. ನೋಡಿ ಏನಾಗಬೇಕು ಅನ್ನುವ ಸ್ಥಿತಿಯಲ್ಲಿದ್ದಾನೆ.

ಊರಿನವರ ಸಿಟ್ಟು ಸಣ್ಣದಲ್ಲ. ಒಡೆದ ರಸ್ತೆ, ಬಿದ್ದ ಬೋರ್ಡ್, ಜಜ್ಜಿಹೋದ ಕಾರು, ಎಲ್ಲದರ ಖರ್ಚು ಜನರ ತಲೆ ಮೇಲೆ. ಅವನ ಮೇಲೆ ಕೇಸುಗಳಿವೆ, ಕೋರ್ಟಿನಿಂದ ಸಮನ್ಸ್‌ಗಳು ಬಂದಿವೆ, ಅವನು ಯಾವುದಕ್ಕೂ ಕ್ಯಾರೇ ಅಂದಿಲ್ಲ. ಕಾಪಾಡಿದವನ ಮೇಲೆಯೇ ಕೇಸು ಹಾಕುವುದು ಸಿನಿಮಾದವರ ಕಲ್ಪನೆ ಅನಿಸಬಹುದು. ಆದರೆ ಇದೇ ಲಾಸ್ ಏಂಜಲೀಸ್‌ನಲ್ಲಿ 2004ರಲ್ಲಿ ನಡೆದ ಒಂದು ಘಟನೆ ಇದೆ. ಕಾರು ಅಪಘಾತವಾದಾಗ ಒಬ್ಬ ಮಹಿಳೆ, ಗಾಡಿಗೆ ಬೆಂಕಿ ಹತ್ತಬಹುದು ಅಂತ ಹೆದರಿ, ಒಳಗಿದ್ದ ತನ್ನ ಸಹೋದ್ಯೋಗಿಯನ್ನು ಹೊರಗೆ ಎಳೆದಳು. ಆ ಸಹೋದ್ಯೋಗಿ ಕಾಲುಗಳ ಸ್ವಾಧೀನ ಕಳೆದುಕೊಂಡಳು. ಎಳೆದ ರೀತಿಯೇ ಕಾರಣ ಅಂತ ದಾವೆ ಹೂಡಿದಳು. 2008ರ ಡಿಸೆಂಬರ್‌ನಲ್ಲಿ, ಅಂದರೆ ಈ ಸಿನಿಮಾ ಬಂದ ವರ್ಷವೇ, ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ನೆರವಿಗೆ ಬಂದವರನ್ನು ಕಾಪಾಡುವ ಆ ರಾಜ್ಯದ ಕಾನೂನು ವೈದ್ಯಕೀಯ ನೆರವಿಗೆ ಮಾತ್ರ ಅನ್ವಯಿಸುತ್ತದೆ, ಹೀಗೆ ಎಳೆದು ಹೊರತೆಗೆಯುವುದಕ್ಕಲ್ಲ ಅಂತ. ಜನ ಗಾಬರಿಯಾದರು. ಮುಂದಿನ ವರ್ಷವೇ ಅಲ್ಲಿನ ಶಾಸಕರು ಕಾನೂನು ತಿದ್ದಿದರು.

ಈ ಭಯ ನಮಗೂ ಹೊಸದಲ್ಲ. ರಸ್ತೆಯಲ್ಲಿ ಯಾರೋ ಬಿದ್ದಿದ್ದರೆ, ಆಮೇಲೆ ಪೊಲೀಸ್ ಸ್ಟೇಷನ್ನು, ಕೋರ್ಟು ಅಂತ ಅಲೆಯೋದು ಯಾರು ಅಂದುಕೊಂಡು ಮುಂದೆ ಹೋಗುವವರನ್ನು ನಾವೆಲ್ಲ ಕಂಡಿದ್ದೇವೆ. ಇದಕ್ಕಾಗಿ ರಾಜ್ಯಮಟ್ಟದಲ್ಲೇ ಪ್ರತ್ಯೇಕ ಕಾನೂನು ತಂದ ಮೊದಲ ರಾಜ್ಯ ಕರ್ನಾಟಕ. 2016ರಲ್ಲಿ ವಿಧಾನಮಂಡಲ ಅಂಗೀಕರಿಸಿತು, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಸಿಕ್ಕಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದು ಇಡೀ ದೇಶಕ್ಕೆ ಇಂಥ ರಕ್ಷಣೆ ಸಿಕ್ಕಿತು. ಆದರೆ ಈ ಕಾನೂನುಗಳ ಹಿಂದಿರುವ ಮಾತನ್ನು ಗಮನಿಸಿ. ಒಳ್ಳೆಯ ಮನಸ್ಸಿನಿಂದ, ತಕ್ಕಷ್ಟು ಎಚ್ಚರದಿಂದ ನೆರವಾದವರಿಗೆ ರಕ್ಷಣೆ. ಎಚ್ಚರವನ್ನೇ ಬಿಟ್ಟವರಿಗೆ ಅಲ್ಲ. ಹ್ಯಾನ್‌ಕಾಕ್ ಮೇಲಿನ ಸಿಟ್ಟು ಹುಟ್ಟುವುದು ಅಲ್ಲಿಂದಲೇ. ಅವನು ಜೀವ ಉಳಿಸಿದ್ದು ಎಲ್ಲರಿಗೂ ಗೊತ್ತು. ಬಾಟಲಿ ಹಿಡಿದು ಬಂದಿದ್ದೂ ಗೊತ್ತು.

ರೈಲಿನ ಗಲಾಟೆಯ ನಡುವೆ ರೇ ಒಬ್ಬನೇ ಮುಂದೆ ಬಂದು ಅವನ ಪರ ಮಾತಾಡುತ್ತಾನೆ. ಇವತ್ತು ನಾನು ಮನೆಗೆ ಹೋಗುತ್ತಿದ್ದೇನಲ್ಲ, ಅದು ಇವನಿಂದ ಅನ್ನುತ್ತಾನೆ. ಆಮೇಲೆ ಮನೆಗೇ ಕರೆದುಕೊಂಡು ಹೋಗಿ ಊಟಕ್ಕೆ ಕೂರಿಸುತ್ತಾನೆ. ರೇ ಕೆಲಸ ಕಂಪನಿಗಳ ಇಮೇಜ್ ನೋಡಿಕೊಳ್ಳುವುದು. ದೊಡ್ಡ ಕಂಪನಿಗಳು ತಮ್ಮ ವಸ್ತುಗಳನ್ನು ಬಡವರಿಗೆ ಉಚಿತವಾಗಿ ಕೊಟ್ಟರೆ ಒಂದು ಹೃದಯದ ಚಿಹ್ನೆ ಕೊಡುವ ಯೋಜನೆ ಅವನ ಕನಸು. ಮೀಟಿಂಗಿನಲ್ಲಿ ಯಾರೂ ಅದಕ್ಕೆ ಸೊಪ್ಪು ಹಾಕುವುದಿಲ್ಲ. ಅಂಥವನು ಈಗ ಹ್ಯಾನ್‌ಕಾಕ್‌ನ ಇಮೇಜ್ ಸರಿ ಮಾಡಲು ಹೊರಡುತ್ತಾನೆ.

ಇಲ್ಲಿ ನನಗೆ ಹನುಮಂತ ನೆನಪಾಗುತ್ತಾನೆ. ಬಾಲ್ಯದ ತುಂಟತನಕ್ಕೆ ಋಷಿಗಳು ಶಾಪ ಕೊಟ್ಟು, ಅವನಿಗೆ ತನ್ನ ಬಲವೇ ಮರೆತುಹೋಗಿರುತ್ತದೆ. ಸಮುದ್ರದ ದಡದಲ್ಲಿ ಜಾಂಬವಂತ ನೆನಪಿಸಿದ ಮೇಲೆಯೇ ಹಾರುತ್ತಾನೆ. ಹ್ಯಾನ್‌ಕಾಕ್ ಕಥೆ ತಿರುಗುಮುರುಗು. ಅವನಿಗೆ ಬಲ ನೆನಪಿದೆ, ತಾನು ಯಾರು ಅನ್ನುವುದು ಮರೆತುಹೋಗಿದೆ. ರೇ ಅವನಿಗೆ ಜಾಂಬವಂತ. ಆದರೆ ಈ ಜಾಂಬವಂತ ಮೊದಲು ಹೇಳುವುದು ಹಾರು ಅಂತ ಅಲ್ಲ. ಹೋಗಿ ಜೈಲಿನಲ್ಲಿ ಕೂತುಕೋ ಅಂತ.

ಆ ಸಲಹೆಯಲ್ಲಿ ನಿಜವಾದ ಬುದ್ಧಿವಂತಿಕೆ ಇದೆ. ಮೊದಲು ಪತ್ರಕರ್ತರ ಎದುರು ಕ್ಷಮೆ ಕೇಳಬೇಕು. ಆಮೇಲೆ ಶರಣಾಗಬೇಕು. ನೀನಿಲ್ಲದಿದ್ದರೆ ಅಪರಾಧ ಜಾಸ್ತಿಯಾಗುತ್ತದೆ, ಆಗ ಅವರೇ ನಿನ್ನನ್ನು ಕರೆಯುತ್ತಾರೆ, ಕರೆದಾಗ ಮಾತ್ರ ಹೋಗು ಅನ್ನುತ್ತಾನೆ ರೇ. ಕರೆಯದೆ ಬಂದ ನೆರವಿಗೂ ಕರೆದಾಗ ಬಂದ ನೆರವಿಗೂ ಎಷ್ಟು ವ್ಯತ್ಯಾಸ ಅಂತ ಮನೆ ಮಠ ನಡೆಸಿದವರಿಗೆಲ್ಲ ಗೊತ್ತು.

ಜೈಲಿನ ಗೋಡೆ ಹ್ಯಾನ್‌ಕಾಕ್‌ಗೆ ಯಾವ ಲೆಕ್ಕ? ಒಂದು ದಿನ ಅಂಗಳದಲ್ಲಿ ಅವನು ಎಸೆದ ಬ್ಯಾಸ್ಕೆಟ್‌ಬಾಲ್ ಗೋಡೆಯಾಚೆ ಹೋಗುತ್ತದೆ. ಅವನು ಹಾರಿ ಹೊರಗೆ ಹೋಗುತ್ತಾನೆ. ಇಷ್ಟೇ, ಇನ್ನು ಹೊರಟೇಬಿಟ್ಟ ಅಂದುಕೊಳ್ಳುತ್ತೇವೆ. ಚೆಂಡು ಎತ್ತಿಕೊಂಡು ವಾಪಸ್ ಜೈಲಿನೊಳಕ್ಕೇ ಬರುತ್ತಾನೆ. ಈ ಪುಟ್ಟ ದೃಶ್ಯ ನನಗೆ ತುಂಬ ಇಷ್ಟ. ಬೀಗ ಹಾಕಿದ್ದಕ್ಕೆ ಒಳಗಿರುವುದು ಬೇರೆ. ಬೀಗ ಇಲ್ಲದಿದ್ದರೂ ಮಾತು ಕೊಟ್ಟಿದ್ದೇನೆ ಅಂತ ಒಳಗಿರುವುದು ಬೇರೆ. ಅವನ ಜೀವನದಲ್ಲಿ ಬಲ ಮೊದಲ ಸಲ ಹಿಡಿತಕ್ಕೆ ಬಂದಿದ್ದು ಅಲ್ಲೇ.

ರೇ ಕಲಿಸುವ ಉಳಿದ ಪಾಠಗಳು ತೀರ ಸಣ್ಣವು. ಮೆಲ್ಲಗೆ ಇಳಿ. ಬಾಗಿಲಿಂದ ಒಳಗೆ ಬಾ. ಪೊಲೀಸರಿಗೆ ‘ಒಳ್ಳೆ ಕೆಲಸ ಮಾಡಿದಿರಿ’ ಅಂತ ಹೇಳು. ಒಂದು ಸಮವಸ್ತ್ರ ಹಾಕಿಕೋ. ಕೊನೆಗೆ ಬ್ಯಾಂಕ್ ದರೋಡೆಯೊಂದರಲ್ಲಿ ಪರಿಸ್ಥಿತಿ ಕೈಮೀರಿದಾಗ ಪೊಲೀಸ್ ಮುಖ್ಯಸ್ಥರೇ ಫೋನ್ ಮಾಡುತ್ತಾರೆ. ಕಪ್ಪು ಚರ್ಮದ ಸೂಟು ಹಾಕಿಕೊಂಡು ಅವನು ಬರುತ್ತಾನೆ. ಸಿಕ್ಕಸಿಕ್ಕ ಪೊಲೀಸರಿಗೆಲ್ಲ ಕಂಠಪಾಠ ಒಪ್ಪಿಸುವ ಹಾಗೆ ‘ಒಳ್ಳೆ ಕೆಲಸ’ ಅನ್ನುತ್ತ ಹೋಗುತ್ತಾನೆ. ಅಭ್ಯಾಸವಿಲ್ಲದ ಬಾಯಿ, ಆ ಮಾತು ತುಟಿಯಿಂದ ಬಲವಂತವಾಗಿ ಹೊರಡುತ್ತದೆ. ಥಿಯೇಟರೇ ನಗುವ ಜಾಗ ಅದು.

ಅದೇ ದೃಶ್ಯದಲ್ಲಿ ಇನ್ನೊಂದು ಕ್ಷಣ ಇದೆ, ಅದನ್ನು ನಿಧಾನವಾಗಿ ನೋಡಬೇಕು. ಗುಂಡಿನ ಸುರಿಮಳೆಯ ನಡುವೆ ಮಹಿಳಾ ಪೊಲೀಸ್ ಅಧಿಕಾರಿಯೊಬ್ಬರು ಗಾಯಗೊಂಡು ಬಿದ್ದಿದ್ದಾರೆ. ಹ್ಯಾನ್‌ಕಾಕ್ ಅವರ ಹತ್ತಿರ ಹೋಗುತ್ತಾನೆ. ಮೈಗೆ ಗುಂಡು ತಗಲುತ್ತಲೇ ಇದೆ. ಅವನು ಕೇಳುತ್ತಾನೆ, ನಿಮ್ಮನ್ನು ಮುಟ್ಟಬಹುದಾ? ಬೇರೆ ಅರ್ಥದಲ್ಲಿ ಅಲ್ಲ ಅಂತ ಸಮಜಾಯಿಷಿ ಬೇರೆ ಕೊಡುತ್ತಾನೆ. ಅವರಿಗೋ ಪ್ರಾಣ ಹೋಗುವ ಹೊತ್ತು, ಬೇಗ ಎತ್ತು ಮಾರಾಯ ಅನ್ನುವಂಥ ಅವಸರ. ಇದು ಪಕ್ಕಾ ಹಾಸ್ಯ. ಹೊಸದಾಗಿ ಮರ್ಯಾದೆ ಕಲಿತವನು ಅದನ್ನು ಎಲ್ಲಿ ಬಳಸಬೇಕು ಅಂತ ಗೊತ್ತಾಗದೆ ಗುಂಡಿನ ನಡುವೆ ಬಳಸುತ್ತಿದ್ದಾನೆ. ಆದರೆ ರೈಲಿನ ದೃಶ್ಯದ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಅಲ್ಲಿ ಕಾರಿನೊಳಗೆ ಮನುಷ್ಯ ಇದ್ದಾನೆ ಅನ್ನುವುದನ್ನೇ ಮರೆತು ಎಸೆದಿದ್ದ. ಇಲ್ಲಿ ಎದುರಿಗಿರುವವರನ್ನು ಕೇಳಿ, ಒಂದು ಕೈಯಲ್ಲಿ ಪೊಲೀಸ್ ಕಾರನ್ನೇ ಗುರಾಣಿ ಮಾಡಿಕೊಂಡು, ಅವರನ್ನು ಸುರಕ್ಷಿತವಾಗಿ ದಾಟಿಸುತ್ತಾನೆ. ಬಲ ಅದೇ. ಈಗ ಅವನು ನೋಡುತ್ತಿದ್ದಾನೆ. ಆ ದಿನ ಜನ ಚಪ್ಪಾಳೆ ತಟ್ಟುತ್ತಾರೆ. ಅದನ್ನು ಕೇಳುವಾಗ ವಿಲ್ ಸ್ಮಿತ್ ಮುಖದಲ್ಲಿ ಖುಷಿಗಿಂತ ಗಲಿಬಿಲಿ ಜಾಸ್ತಿ.

ಇಷ್ಟಕ್ಕೇ ಮುಗಿದಿದ್ದರೆ ಇದು ಒರಟನೊಬ್ಬ ಸುಧಾರಿಸಿದ ಕಥೆಯಾಗಿ ಉಳಿಯುತ್ತಿತ್ತು. ಆದರೆ ಅವನು ಹಾಗೇಕೆ ಇದ್ದ ಅನ್ನುವುದಕ್ಕೆ ಸಿನಿಮಾ ಉತ್ತರ ಇಟ್ಟಿದೆ. ಅದು ಅವನ ಹೆಸರಿನಲ್ಲೇ ಇದೆ, ಮತ್ತು ಅಮೆರಿಕದ ಹೊರಗಿನವರಿಗೆ ಅದು ಸುಲಭವಾಗಿ ತಪ್ಪಿಹೋಗುತ್ತದೆ. ಜಾನ್ ಹ್ಯಾನ್‌ಕಾಕ್ ಅನ್ನುವುದು ಇತಿಹಾಸದ ಒಬ್ಬ ವ್ಯಕ್ತಿಯ ಹೆಸರು. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಎಲ್ಲರಿಗಿಂತ ದೊಡ್ಡದಾಗಿ, ಎದ್ದು ಕಾಣುವ ಹಾಗೆ ಸಹಿ ಹಾಕಿದವನು ಅವನು. ಅಂದಿನಿಂದ ಅಲ್ಲಿನ ಆಡುಮಾತಿನಲ್ಲಿ ‘ನಿಮ್ಮ ಜಾನ್ ಹ್ಯಾನ್‌ಕಾಕ್ ಹಾಕಿ’ ಅಂದರೆ ‘ಇಲ್ಲಿ ಸಹಿ ಮಾಡಿ’ ಅಂತ ಅರ್ಥ.

ರೇ ಮತ್ತು ಮೇರಿಯ ಎದುರು ಕೂತು ನಮ್ಮ ಹ್ಯಾನ್‌ಕಾಕ್ ತನ್ನ ಕಥೆ ಹೇಳುತ್ತಾನೆ. ಸುಮಾರು 80 ವರ್ಷದ ಹಿಂದೆ ಮಯಾಮಿಯ ಒಂದು ಆಸ್ಪತ್ರೆಯಲ್ಲಿ ಅವನಿಗೆ ಎಚ್ಚರವಾಯಿತು. ತಲೆಬುರುಡೆ ಒಡೆದಿತ್ತು. ತಾನು ಯಾರು ಅಂತ ಗೊತ್ತಿಲ್ಲ. ನರ್ಸ್ ಇಂಜೆಕ್ಷನ್ ಚುಚ್ಚಲು ಹೋದರೆ ಸೂಜಿ ಚರ್ಮಕ್ಕೆ ತಗುಲಿ ಮುರಿಯಿತು. ಬುರುಡೆ ಒಂದು ಗಂಟೆಯೊಳಗೆ ತಾನಾಗಿಯೇ ಕೂಡಿಕೊಂಡಿತು. ಬಿಡುಗಡೆಯ ಹೊತ್ತಿನಲ್ಲಿ, ಇಲ್ಲಿ ನಿಮ್ಮ ಜಾನ್ ಹ್ಯಾನ್‌ಕಾಕ್ ಹಾಕಿ ಅಂದರು. ತನ್ನ ಹೆಸರು ಅದೇ ಇರಬೇಕು ಅಂತ ಅವನು ಅಂದುಕೊಂಡ.

ಸಹಿ ಮಾಡಿ ಅನ್ನುವ ಮಾತನ್ನೇ ಹೆಸರು ಮಾಡಿಕೊಂಡು 80 ವರ್ಷ ಬದುಕಿದವನು. ಅವನಿಗೆ ವಯಸ್ಸೂ ಆಗಲಿಲ್ಲ. ಯಾರೂ ಹುಡುಕಿಕೊಂಡು ಬರಲೂ ಇಲ್ಲ. ಆಗ ಅವನ ಮನಸ್ಸಿನಲ್ಲಿ ಒಂದು ಲೆಕ್ಕ ಕೂತುಬಿಟ್ಟಿತು. ಅಷ್ಟು ದೊಡ್ಡ ಗಾಯವಾಗಿ ಬಿದ್ದಿದ್ದರೂ ನನ್ನವನು ಅಂತ ಒಬ್ಬರೂ ಬರಲಿಲ್ಲ ಅಂದರೆ, ನಾನು ಎಂಥ ಕೆಟ್ಟವನಾಗಿದ್ದಿರಬೇಕು? ಈ ಮಾತನ್ನು ಅವನು ತಣ್ಣಗೆ ಹೇಳುತ್ತಾನೆ. ಅದನ್ನು ಕೇಳಿದ ಮೇಲೆ ಅದುವರೆಗೆ ನಕ್ಕಿದ್ದೆಲ್ಲ ಬೇರೆ ಥರ ಕಾಣತೊಡಗುತ್ತದೆ. ಒಂದು ನಿರ್ದಿಷ್ಟ ಬೈಗುಳ ಕೇಳಿದರೆ ಅವನು ಕೆರಳುತ್ತಿದ್ದ. ಬೀದಿಯ ಪುಂಡ ಹುಡುಗನೊಬ್ಬ ಹಾಗೆ ಕರೆದಿದ್ದಕ್ಕೆ ಆ ಹುಡುಗನನ್ನು ಆಕಾಶಕ್ಕೆ ಎಸೆದು, ಅಳುತ್ತ ಕೆಳಗೆ ಬಂದಾಗ ಹಿಡಿದಿದ್ದ. ರೈಲು ಬಡಿದರೂ ನೋಯದವನಿಗೆ ಒಂದು ಬೈಗುಳ ಯಾಕೆ ನೋಯುತ್ತದೆ? ಅದು ನಿಜ ಇರಬಹುದು ಅನ್ನುವ ಅನುಮಾನ ಅವನಿಗೇ ಇತ್ತು. ಕುಡಿತ, ಒರಟುತನ, ನೋಡದೆ ಎಸೆಯುವುದು ಎಲ್ಲವೂ ಅಲ್ಲಿಂದ ಬಂದದ್ದು. ಯಾರಿಗೂ ಬೇಡದವನು ಅಂತ ನಂಬಿದವನು ನೆಲಕ್ಕೆ ಮೆಲ್ಲಗೆ ಯಾಕೆ ಇಳಿಯಬೇಕು?

ಸಿನಿಮಾದ ನಡುವೆ ಬರುವ ತಿರುವು ಈಗ ಹೇಳಬೇಕು. ರೇ ಹೆಂಡತಿ ಮೇರಿಗೂ ಅದೇ ಶಕ್ತಿ ಇದೆ. ಹ್ಯಾನ್‌ಕಾಕ್‌ನಷ್ಟೇ, ಒಂದು ಕೈ ಜಾಸ್ತಿಯೇ. ಸಾವಿರಾರು ವರ್ಷಗಳಿಂದ ಬದುಕಿರುವ ಇವರಂಥವರನ್ನು ಜನ ಒಂದೊಂದು ಕಾಲದಲ್ಲಿ ಒಂದೊಂದು ಹೆಸರಿನಿಂದ ಕರೆದರು, ದೇವರು ಅಂದರು, ದೇವದೂತರು ಅಂದರು, ಈಗ ಸೂಪರ್‌ಹೀರೋ ಅನ್ನುತ್ತಾರೆ. ಅವರು ಜೋಡಿಯಾಗಿ ಹುಟ್ಟಿದವರು. ಹ್ಯಾನ್‌ಕಾಕ್ ಮತ್ತು ಮೇರಿ ಒಂದು ಜೋಡಿ. ಆದರೆ ವರಕ್ಕೆ ಒಂದು ಷರತ್ತು ಇದೆ. ಜೋಡಿ ಒಬ್ಬರಿಗೊಬ್ಬರು ಹತ್ತಿರ ಬಂದರೆ ಶಕ್ತಿ ಕರಗುತ್ತದೆ, ಸಾಮಾನ್ಯ ಮನುಷ್ಯರಾಗುತ್ತಾರೆ, ಗಾಯವಾಗುತ್ತದೆ, ಸಾವೂ ಬರುತ್ತದೆ. ದೂರವಿದ್ದರೆ ಅಮರರು, ಒಂಟಿ. ಜೊತೆಗಿದ್ದರೆ ಮುಪ್ಪು, ಸಾವು, ಸಂಸಾರ. ಶಾಪ ವರಗಳ ಕಥೆ ಕೇಳಿ ಬೆಳೆದ ನಮಗೆ ಇದು ಥಟ್ಟನೆ ಅರ್ಥವಾಗುತ್ತದೆ ಅಂತ ನನ್ನ ನಂಬಿಕೆ.

ಆ ಕಾಲದ ವಿಮರ್ಶಕರು ಹಲವರು ಇದನ್ನು ಒಪ್ಪಲಿಲ್ಲ. ಮೊದಲರ್ಧ ಒಂದು ಸಿನಿಮಾ, ಉಳಿದದ್ದು ಇನ್ನೊಂದು ಸಿನಿಮಾ ಅನ್ನುವುದು ಅವರ ದೂರು. ಅದರಲ್ಲಿ ಅರ್ಧ ಸತ್ಯ ಇದೆ. ಇಷ್ಟು ದೊಡ್ಡ ಪುರಾಣವನ್ನು ಒಂದೂವರೆ ಗಂಟೆಯ ಸಿನಿಮಾ ಅವಸರದಲ್ಲಿ ಹೇಳಿ ಮುಗಿಸುತ್ತದೆ. ಖಳನಂತೂ ತೀರ ತೆಳು. ಈ ಒಡಕಿಗೆ ಕಾರಣವೂ ಇದೆ. ವಿನ್ಸೆಂಟ್ ನೋ ಎಂಬ ಲೇಖಕರು 1996ರಲ್ಲಿ ಬರೆದ ಮೂಲ ಚಿತ್ರಕಥೆ ಹಾಸ್ಯದ್ದಾಗಿರಲಿಲ್ಲ, ತುಂಬ ಕತ್ತಲೆಯದಾಗಿತ್ತು. ಅದು ಹತ್ತು ವರ್ಷಕ್ಕೂ ಹೆಚ್ಚು ಕಾಲ ಕೈಯಿಂದ ಕೈಗೆ ಸುತ್ತಿತು. ಹಲವು ನಿರ್ದೇಶಕರು ಬಂದು ಹೋದರು. ವಿನ್ಸ್ ಗಿಲಿಗನ್ ಎಂಬ ಇನ್ನೊಬ್ಬ ಲೇಖಕರು ಅದನ್ನು ಮತ್ತೆ ಬರೆದರು. ಅಮೆರಿಕದ ಸ್ವಾತಂತ್ರ್ಯ ದಿನವಾದ ಜುಲೈ 4ರ ರಜೆಗೆ ಇಡೀ ಕುಟುಂಬ ನೋಡುವ ಸಿನಿಮಾ ಆಗಬೇಕಾದಾಗ ಹಾಸ್ಯ ಮೇಲೆ ಬಂತು, ಕತ್ತಲೆ ಕೆಳಗೆ ಉಳಿಯಿತು. ಜನ ಮಾತ್ರ ಕೈಬಿಡಲಿಲ್ಲ. 15 ಕೋಟಿ ಡಾಲರ್ ಖರ್ಚಿನ ಸಿನಿಮಾ ಜಗತ್ತಿನಾದ್ಯಂತ 62 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು.

ಆ ಕೆಳಗಿನ ಕತ್ತಲೆಯಲ್ಲೇ ಸಿನಿಮಾ ಬಾಯಿಬಿಟ್ಟು ಹೇಳದ ಒಂದು ಸಂಗತಿ ಇದೆ. ಮಯಾಮಿಯಲ್ಲಿ ಆ ರಾತ್ರಿ ಹ್ಯಾನ್‌ಕಾಕ್ ಮತ್ತು ಮೇರಿ ಜೊತೆಯಾಗಿ ನಡೆದು ಬರುತ್ತಿದ್ದರು. ಜೊತೆಗಿದ್ದ ಕಾರಣ ಶಕ್ತಿ ಇರಲಿಲ್ಲ. ಯಾರೋ ಗಲ್ಲಿಯಲ್ಲಿ ಅವರ ಮೇಲೆ ಬಿದ್ದು ಅವನ ತಲೆಗೆ ಹೊಡೆದರು. ಅವನು ಕಪ್ಪು ವರ್ಣದವನು, ಅವಳು ಬಿಳಿ ವರ್ಣದವಳು. ಮಯಾಮಿ ಇರುವ ಫ್ಲಾರಿಡಾ ರಾಜ್ಯದಲ್ಲಿ ಆ ಕಾಲಕ್ಕೆ ಅಂಥವರ ಮದುವೆಯೇ ಕಾನೂನುಬಾಹಿರ. ಅಮೆರಿಕದ ಸುಪ್ರೀಂ ಕೋರ್ಟ್ ಅಂಥ ಕಾನೂನುಗಳನ್ನು ರದ್ದು ಮಾಡಿದ್ದು 1967ರಲ್ಲಿ. ಹೊಡೆದವರು ಯಾಕೆ ಹೊಡೆದರು ಅಂತ ಮೇರಿ ವಿವರಿಸುವುದಿಲ್ಲ. ಆಮೇಲೆ ಅವನನ್ನು ಬಿಟ್ಟು ತಾನೇ ಹೊರಟೆ ಅಂತ ಮಾತ್ರ ಹೇಳುತ್ತಾಳೆ. ಅವಳು ಪಕ್ಕದಲ್ಲಿದ್ದಷ್ಟು ಹೊತ್ತು ಅವನ ಗಾಯ ಮಾಯುತ್ತಿರಲಿಲ್ಲ. ಅವಳು ದೂರ ಹೋದದ್ದಕ್ಕೇ ಸೂಜಿ ಮುರಿಯಿತು, ಬುರುಡೆ ಕೂಡಿತು.

ಕೊನೆಯಲ್ಲಿ ಅದೇ ಪರಿಸ್ಥಿತಿ ಮತ್ತೆ ಬರುತ್ತದೆ. ಆಸ್ಪತ್ರೆಯಲ್ಲಿ ಇಬ್ಬರಿಗೂ ಗುಂಡೇಟು, ಇಬ್ಬರೂ ಸಾಯುವ ಸ್ಥಿತಿ. ಈ ಸಲ ಎದ್ದು ಹೋಗುವವನು ಅವನು. ತೂರಾಡುತ್ತ, ಬೀಳುತ್ತ, ರಕ್ತ ಸುರಿಸಿಕೊಂಡು ಹೊರಗೆ ನಡೆಯುತ್ತಾನೆ. ದೂರ ಹೋದಷ್ಟೂ ಅವಳ ಎದೆಬಡಿತ ವಾಪಸ್ ಬರುತ್ತದೆ. ಊರೂರು ಒಡೆಯುತ್ತಿದ್ದ ದೇಹ, ಯಾರನ್ನೋ ಉಳಿಸಲು ಸುಮ್ನೆ ದೂರ ಸರಿಯುತ್ತದೆ. ಆಮೇಲೆ ಅವನು ಇರುವುದು ದೇಶದ ಇನ್ನೊಂದು ತುದಿಯ ನ್ಯೂಯಾರ್ಕ್‌ನಲ್ಲಿ. ಅಲ್ಲಿಂದ ರೇಗೆ ಫೋನ್ ಮಾಡಿ ಆಕಾಶ ನೋಡು ಅನ್ನುತ್ತಾನೆ. ಚಂದ್ರನ ಮೇಲೆ ರೇಯ ಹೃದಯದ ಚಿಹ್ನೆ ಬರೆದಿರುತ್ತಾನೆ.

ಚಂದ್ರನ ದೃಶ್ಯ ದೊಡ್ಡದು, ಎಲ್ಲರಿಗೂ ನೆನಪಿರುತ್ತದೆ. ನನಗೆ ಜಾಸ್ತಿ ನೆನಪಾಗುವುದು ಎರಡು ಚೀಟಿ. ಮಯಾಮಿಯಲ್ಲಿ ಎಚ್ಚರವಾದಾಗ ಅವನ ಜೇಬಿನಲ್ಲಿ ಗುರುತಿನ ಕಾಗದ ಇರಲಿಲ್ಲ, ಬಬಲ್‌ಗಮ್ ಇತ್ತು, ಮತ್ತೆ ‘ಫ್ರಾಂಕೆನ್‌ಸ್ಟೈನ್’ ಸಿನಿಮಾದ ಟಿಕೆಟ್. 1931ರ ಆ ಸಿನಿಮಾದಲ್ಲೂ ಒಬ್ಬ ದೈತ್ಯ ಇದ್ದಾನೆ. ಕೆರೆಯ ದಡದಲ್ಲಿ ಪುಟ್ಟ ಹುಡುಗಿ ಅವನ ಜೊತೆ ನೀರಿಗೆ ಹೂ ತೇಲಿಬಿಟ್ಟು ಆಡುತ್ತಾಳೆ. ಹೂ ಮುಗಿದಾಗ, ಅವಳೂ ತೇಲುತ್ತಾಳೆ ಅಂದುಕೊಂಡು ಅವಳನ್ನೇ ಎತ್ತಿ ನೀರಿಗೆ ಹಾಕುತ್ತಾನೆ. ಕೆಟ್ಟ ಮನಸ್ಸಿನಿಂದಲ್ಲ. ಅವನಿಗೆ ಯಾರೂ ಏನನ್ನೂ ಕಲಿಸಿರಲಿಲ್ಲ. ಬರೆದವರು ಈ ಟಿಕೆಟ್ಟನ್ನು ಆರಿಸಿ ಇಟ್ಟಿದ್ದಾರೆ ಅಂತ ನನಗೆ ಅನುಮಾನವೇ ಇಲ್ಲ.

ಯಾರೂ ಹುಡುಕಿಕೊಂಡು ಬರದ ಮನುಷ್ಯ ನಾನು ಅಂತ ಅವನು 80 ವರ್ಷ ನಂಬಿದ್ದ. ಟಿಕೆಟ್ ಅಷ್ಟೂ ವರ್ಷ ಅವನ ಹತ್ತಿರವೇ ಇತ್ತು. ಒಂದಲ್ಲ, ಎರಡು.